ಬೇಗ ಬಂದಿದ್ದೇ ತಪ್ಪಾಯ್ತು

ಬೈಕ್ ಹುಚ್ಚಿನವರ ಗುಂಪಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಒಂದು ಪ್ರಶ್ನೆ ಎದುರಾಗುತ್ತೆ: "'ಆನ್ ಎನಿ ಸಂಡೇ' ನೋಡಿದೀಯಾ?" ಇಲ್ಲ ಅಂದರೆ ಮುಗೀತು. ಬೆಂಗಳೂರಲ್ಲಿ ಹುಟ್ಟಿ ಮಸಾಲೆ ದೋಸೆ ತಿಂದಿಲ್ಲ ಅಂದವನನ್ನು ನೋಡೋ ಹಾಗೆ ನೋಡ್ತಾರೆ. ನಾನೂ ಹಾಗೆ ನೋಡಿಸಿಕೊಂಡು, ನಾಚಿಕೆಯಾಗಿ, ಅದೇ ರಾತ್ರಿ ಕೂತು ಆ ಸಿನಿಮಾ ಮುಗಿಸಿದವನು. ಅಲ್ಲಿಂದ ಮುಂದೆ ನಾನೂ ಬೇರೆಯವರನ್ನು ಹಾಗೇ ನೋಡೋಕೆ ಶುರು ಮಾಡಿದೆ. ಮೂರ್ನಾಲ್ಕು ಸಲ ನೋಡಿದ್ದೂ ಆಯ್ತು. ಆಮೇಲೆ ಒಂದು ಭಾನುವಾರ ನಾನೇ ಕಾಡಿನ ಮರಳಲ್ಲಿ ಒಂದು ಎಂಡ್ಯೂರೋ ರೇಸ್‌ಗೆ ಇಳಿದೆ. ಸಂಜೆ ಮನೆಗೆ ಬಂದು, ಮೈಯೆಲ್ಲ ನೋಯ್ತಿದ್ದರೂ, ಮತ್ತೆ ಅದೇ ಸಿನಿಮಾ ಹಾಕಿದೆ. ಈ ಬರಹ ಆ ಕೊನೇ ಸಲದ ನೋಟದ್ದು.

ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. 'ಆನ್ ಎನಿ ಸಂಡೇ' 1971ರ ಅಮೆರಿಕನ್ ಸಾಕ್ಷ್ಯಚಿತ್ರ. ನಿರ್ದೇಶಕ ಬ್ರೂಸ್ ಬ್ರೌನ್. ಅದಕ್ಕೂ ಮೊದಲು ಸರ್ಫಿಂಗ್ ಬಗ್ಗೆ 'ದಿ ಎಂಡ್‌ಲೆಸ್ ಸಮ್ಮರ್' ಅಂತ ಮಾಡಿ ಹೆಸರು ಮಾಡಿದ್ದವನು. ಸ್ಟಾರ್ ನಟ ಸ್ಟೀವ್ ಮೆಕ್ವೀನ್ ಈ ಸಿನಿಮಾಕ್ಕೆ ದುಡ್ಡು ಹಾಕಿದ, ತಾನೂ ಕಾಣಿಸಿಕೊಂಡ. ಅವನ ಜೊತೆ ಇನ್ನಿಬ್ಬರು: ರೇಸ್ ಟ್ರ್ಯಾಕಿನ ಚಾಂಪಿಯನ್ ಮರ್ಟ್ ಲಾವಿಲ್ ಮತ್ತು ಗುಡ್ಡ ಕಾಡು ಮರುಭೂಮಿ ಎಲ್ಲಿ ಬಿಟ್ಟರೂ ನಗುನಗುತ್ತಾ ಬೈಕ್ ಓಡಿಸುವ ಮಾಲ್ಕಮ್ ಸ್ಮಿತ್. ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಸಿಕ್ಕಿತ್ತು. ಬೈಕ್ ಓಡಿಸೋರು ಅಂದ್ರೆ ರೌಡಿಗಳು ಅಂತ ಹಾಲಿವುಡ್ಡೇ ಜನರ ತಲೆಯಲ್ಲಿ ತುಂಬಿದ್ದ ಕಾಲದಲ್ಲಿ, "ಅಲ್ಲ ಸ್ವಾಮಿ, ಇವರು ಪಕ್ಕದ ಮನೆಯವರು, ಭಾನುವಾರ ಮಾತ್ರ ಹೀಗೆ" ಅಂತ ಹೇಳಿದ ಸಿನಿಮಾ ಇದು. ಆ ಕೆಲಸವನ್ನು ಚೆನ್ನಾಗೇ ಮಾಡಿತು.

ಮೊದಲ ದೃಶ್ಯದಲ್ಲಿ ಬೈಕೇ ಇಲ್ಲ. ಸೈಕಲ್ ತುಳಿಯೋ ಮಕ್ಕಳಿದ್ದಾರೆ. ಮಣ್ಣಿನ ದಿಬ್ಬ ಹಾರಿಸುತ್ತಾ, ಬಾಯಲ್ಲೇ ಇಂಜಿನ್ ಸದ್ದು ಮಾಡೋ ವಯಸ್ಸಿನವರು. ಕೊನೆಯ ದೃಶ್ಯದಲ್ಲಿ ಮೂವರು ದೊಡ್ಡವರು ಕ್ಯಾಲಿಫೋರ್ನಿಯಾದ ಒಂದು ಕಡಲ ತೀರದಲ್ಲಿ, ಸಂಜೆ ಬಿಸಿಲಲ್ಲಿ, ಯಾವ ರೇಸೂ ಇಲ್ಲದೆ ಸುಮ್ಮನೆ ಬೈಕ್ ಆಡಿಸುತ್ತಾರೆ. ಮಕ್ಕಳಿಂದ ಹೊರಟು ಮಕ್ಕಳಾಗುವವರೆಗೆ. ಬ್ರೌನ್ ಹೇಳೋಕೆ ಹೊರಟಿದ್ದು ಇಷ್ಟೇ: ಇದು ಆಟ. ಈ ಮಾತಿಗೆ ನಾನು ಪೂರ್ತಿ ಮರುಳಾಗಿದ್ದೆ. ವಾರವಿಡೀ ಸ್ಟ್ಯಾಂಡಪ್ ಮೀಟಿಂಗು, ರಾತ್ರಿ ಇಂಡಿಯಾ ಟೀಮ್ ಜೊತೆ ಕಾಲು, ಯಾರೋ ಮುರಿದಿಟ್ಟ ಬಿಲ್ಡ್ ಸರಿ ಮಾಡೋದು. ಇಂಥವನಿಗೆ ಭಾನುವಾರ ಅನ್ನೋ ಪದವೇ ಸಾಕು, ಸಿನಿಮಾ ಇಷ್ಟವಾಗೋಕೆ.

ಆಗ ನಾನಿದ್ದದ್ದು ನ್ಯೂಜೆರ್ಸಿಯಲ್ಲಿ. ನ್ಯೂಜೆರ್ಸಿ ಅಂದರೆ ನಮ್ಮವರಿಗೆ ಎಡಿಸನ್ನಿನ ಇಂಡಿಯನ್ ಅಂಗಡಿಗಳು, ಟರ್ನ್‌ಪೈಕು, ಅಪಾರ್ಟ್‌ಮೆಂಟ್ ಸಾಲು. ಆದರೆ ರಾಜ್ಯದ ದಕ್ಷಿಣ ಭಾಗದಲ್ಲಿ ಪೈನ್ ಬ್ಯಾರನ್ಸ್ ಅಂತ ಸುಮಾರು 11 ಲಕ್ಷ ಎಕರೆಯ ಕಾಡು ಪ್ರದೇಶ ಇದೆ. 1978ರಲ್ಲಿ ಇದನ್ನು ಪೈನ್‌ಲ್ಯಾಂಡ್ಸ್ ರಾಷ್ಟ್ರೀಯ ಮೀಸಲು ಪ್ರದೇಶ ಅಂತ ಘೋಷಿಸಿದರು. ನೆಲ ಪೂರ್ತಿ ಮರಳು. ಸಕ್ಕರೆ ಥರ ಬೆಳ್ಳಗೆ, ನಯವಾಗಿ ಇರೋದಕ್ಕೆ ಅಲ್ಲಿಯವರು ಅದನ್ನು ಸಕ್ಕರೆ ಮರಳು ಅಂತಲೇ ಕರೀತಾರೆ. ಗೋಧಿ, ಜೋಳ ಬೆಳೆಯೋಕೆ ಬಂದ ವಲಸಿಗರಿಗೆ ಏನೂ ಬೆಳೆಯದೆ 'ಬಂಜರು' ಅಂತ ಹೆಸರಿಟ್ಟು ಹೋದರು. ಬಂಜರೇನಲ್ಲ. ಬೆಂಕಿ ಬಿದ್ದರೂ ಕರಿ ಬೊಡ್ಡೆಯಿಂದಲೇ ಚಿಗುರೋ ಪಿಚ್ ಪೈನ್ ಮರಗಳು, ಬ್ಲೂಬೆರಿ, ಕ್ರ್ಯಾನ್‌ಬೆರಿ ಗದ್ದೆಗಳು, ಡಿಕಾಕ್ಷನ್ ಬಣ್ಣದ ತೊರೆಗಳು. ಮರಳಿನ ಕೆಳಗೆ ಅಪಾರ ಸಿಹಿನೀರು.

ಈ ಮರಳು ಕಾಡಲ್ಲಿ ದಶಕಗಳಿಂದ ಎಂಡ್ಯೂರೋ ನಡೆಯುತ್ತೆ. ನನ್ನನ್ನು ಕರ್ಕೊಂಡು ಹೋದವನು ತೀರ್ಥಹಳ್ಳಿ ಕಡೆಯ ಒಬ್ಬ ಗೆಳೆಯ. ಬೈಕೂ ಅವನದೇ, ಹಳೇ 250 ಸಿಸಿ ಗಾಡಿ. "ಮರಳಲ್ಲಿ ಗಾಡಿ ನೀನು ಓಡಿಸೋದಲ್ಲ ಮಾರಾಯಾ, ಅದೇ ಓಡ್ತದೆ. ನೀನು ಅಡ್ಡ ಬರದಿದ್ರೆ ಸಾಕು" ಅಂದ. ನಾನು ನಕ್ಕೆ. ಮಾಲ್ಕಮ್ ಸ್ಮಿತ್‌ನನ್ನು ನಾಲ್ಕು ಸಲ ನೋಡಿದವನಿಗೆ ಇವನೇನು ಹೇಳ್ತಾನೆ ಅಂತ.

ಇಲ್ಲಿಂದ ಸಿನಿಮಾದ ಮೇಲಿನ ನನ್ನ ತಕರಾರು ಶುರು.

ಎಂಡ್ಯೂರೋ ಅಂದರೆ ಮೊದಲು ಬಂದವನು ಗೆಲ್ಲೋ ರೇಸ್ ಅಲ್ಲ. ಹಳೇ ಪದ್ಧತಿಯ ಅಮೆರಿಕನ್ ಎಂಡ್ಯೂರೋದಲ್ಲಿ ನಿಮಿಷಕ್ಕೊಂದು ಸಾಲಿನಂತೆ ನಾಲ್ಕೈದು ಜನರನ್ನು ಬಿಡ್ತಾರೆ. ದಾರಿಗೆ ಒಂದು ಸರಾಸರಿ ವೇಗ ಗೊತ್ತು ಮಾಡಿರ್ತಾರೆ, ಉದಾಹರಣೆಗೆ ಗಂಟೆಗೆ 24 ಮೈಲಿ. ಅಂದರೆ ಒಂದು ಮೈಲಿಗೆ ಎರಡೂವರೆ ನಿಮಿಷ. ಚೆಕ್‌ಪಾಯಿಂಟ್ ಎಲ್ಲೆಲ್ಲಿದೆ ಅಂತ ಹೇಳೋದಿಲ್ಲ. ನೀವು ಅಲ್ಲಿಗೆ ನಿಮ್ಮ ನಿಮಿಷಕ್ಕೇ ಬರಬೇಕು. ತಡವಾದರೆ ನಿಮಿಷಕ್ಕೆ 1 ಅಂಕ ದಂಡ. ಬೇಗ ಬಂದರೆ? ಮೊದಲ ನಿಮಿಷಕ್ಕೆ 2, ಆಮೇಲಿನ ಪ್ರತಿ ನಿಮಿಷಕ್ಕೆ 5. ಕಡಿಮೆ ಅಂಕ ಯಾರದೋ ಅವರು ಗೆದ್ದರು. ಆಫೀಸಲ್ಲಿ ಕೆಲಸ ಬೇಗ ಮುಗಿಸಿದವನಿಗೆ ಇನ್ನೊಂದು ಕೆಲಸ ಕೊಟ್ಟು ಶಿಕ್ಷಿಸೋದು ನಮಗೆ ಗೊತ್ತೇ ಇದೆ. ಆದರೆ ನಿಯಮಪುಸ್ತಕದಲ್ಲೇ ಅದನ್ನು ಬರೆದಿಟ್ಟ ಆಟ ಇದೊಂದೇ ಇರಬೇಕು.

ಸುಲಭ ದಾರಿ ಸಿಕ್ಕಾಗ ತಡೆದುಕೊಳ್ಳಬೇಕು, ಕಷ್ಟದ ದಾರಿಯಲ್ಲಿ ಜೀವ ಹಿಡ್ಕೊಂಡು ಓಡಬೇಕು. ಮನಸ್ಸು ಬಯಸೋದು ಸರಿಯಾಗಿ ಇದರ ಉಲ್ಟಾ. ಆಟದ ಮಜಾ ಎಲ್ಲ ಅಲ್ಲೇ ಇರೋದು.

ನನ್ನದು 38ನೇ ಸಾಲು. ಮೊದಲ ಸಾಲು ಹೊರಟ 37 ನಿಮಿಷಕ್ಕೆ ನಾನು. ನನ್ನ ಪಕ್ಕದಲ್ಲಿ ಎಪ್ಪತ್ತರ ಹತ್ತಿರ ಬಂದ ಒಬ್ಬ ತಾತ. ಅವರ ಹ್ಯಾಂಡಲ್ ಮೇಲೆ ಸಣ್ಣ ಪೆಟ್ಟಿಗೆಯಲ್ಲಿ ಸುತ್ತಿಟ್ಟ ಕಾಗದದ ಚಾರ್ಟು, ಅದರ ಪಕ್ಕ ಒಂದು ಗಡಿಯಾರ. "ಹುಡುಗಾ, ನಿನ್ನ ಗಡಿಯಾರ ಎಲ್ಲಿ?" ಅಂದರು. ಫೋನ್ ಜೇಬಲ್ಲಿದೆ ಅಂದೆ. ತಾತ ಏನೂ ಹೇಳಲಿಲ್ಲ, ಕೈಗವಸು ಹಾಕಿಕೊಂಡರು.

ಮೊದಲ ಒಂದೆರಡು ಮೈಲಿ ನಾನು ಕಲಿತದ್ದೆಲ್ಲ ಬೀಳೋದು ಹೇಗೆ ಅಂತ. ಟಾರ್ ರಸ್ತೆಯಲ್ಲಿ ಭಯ ಆದಾಗ ಕೈ ತಾನೇ ಥ್ರಾಟಲ್ ಬಿಡುತ್ತೆ. ಮರಳಲ್ಲಿ ಬಿಟ್ಟರೆ ಕೆಟ್ಟಿರಿ. ಭಾರ ಮುಂದಕ್ಕೆ ಬಂದು ಮುಂದಿನ ಚಕ್ರ ಹೂತುಕೊಂಡು ಹ್ಯಾಂಡಲ್ ಮಡಚಿಕೊಳ್ಳುತ್ತೆ. ಭಯ ಆದಾಗಲೇ ಥ್ರಾಟಲ್ ತಿರುಗಿಸಬೇಕು. ಎದ್ದು ನಿಂತು, ಭಾರ ಹಿಂದಕ್ಕೆ ಹಾಕಿ, ಕಣ್ಣು ದೂರ ಇಟ್ಟು. ಮುಂದಿನ ಚಕ್ರ ಅತ್ತಿತ್ತ ಓಲಾಡುತ್ತೆ, ಓಲಾಡೋಕೆ ಬಿಡಬೇಕು, ಬಿಗಿ ಹಿಡಿದರೆ ಮುಂಗೈ ಹತ್ತು ನಿಮಿಷಕ್ಕೆ ಮರದ ಕೊರಡು. ನೂರಾರು ಬೈಕು ತುಳಿದ ಮರಳು ಒಂದರ ಹಿಂದೊಂದು ದಿಬ್ಬ, ಗುಂಡಿ, ದಿಬ್ಬ, ಗುಂಡಿ ಆಗಿರುತ್ತೆ. ಮೊಣಕಾಲೇ ಸ್ಪ್ರಿಂಗು. ಇಷ್ಟೆಲ್ಲ ಆಗುವಾಗ ಎರಡೂ ಕಡೆ ಪೈನ್ ಮರಗಳು, ಹ್ಯಾಂಡಲ್ ಹಿಡಿಸುವಷ್ಟೇ ಜಾಗ. ಗೆಳೆಯನ ಮಾತು ಆಗ ಅರ್ಥ ಆಯ್ತು. ನಾನೇ ಅಡ್ಡ ಬರ್ತಿದ್ದೆ.

ಐದಾರು ಮೈಲಿ ಆದಮೇಲೆ ಲಯ ಸಿಕ್ಕಿತು. ಸಿಕ್ಕಿದ ಖುಷಿಗೆ ಹಾರಿಸಿಕೊಂಡು ಹೊರಟೆ. ದಾರಿ ಅಗಲ ಆಗಿತ್ತು. ತಾತನನ್ನು ದಾಟಿದೆ. ಅವರು ಒಂದು ಕೈ ಕೆಳಗೆ ಮಾಡಿ ನಿಧಾನ, ನಿಧಾನ ಅಂತ ತೋರಿಸಿದರು. ಹೊಟ್ಟೆಕಿಚ್ಚು ಅಂದುಕೊಂಡೆ. 12ನೇ ಮೈಲಿಯ ತಿರುವಲ್ಲಿ ಚೆಕ್‌ಪಾಯಿಂಟ್. ಅಲ್ಲಿ ನಿಮಿಷಕ್ಕೊಮ್ಮೆ ತಿರುವಿ ಹಾಕೋ ದೊಡ್ಡ ಅಂಕಿಯ ಕಾರ್ಡು ಇರುತ್ತೆ, ಈಗ ಯಾವ ಸಾಲು ಬರಬೇಕಿತ್ತು ಅನ್ನೋದನ್ನು ಅದು ಹೇಳುತ್ತೆ. ಕಾರ್ಡಲ್ಲಿ 35 ಅಂತ ಇತ್ತು. ನಾನು 38. ಮೂರು ನಿಮಿಷ ಬೇಗ. ಕಂಡ ಮೇಲೆ ನಿಂತು ಕಾಯೋ ಹಾಗಿಲ್ಲ, ಒಳಗೆ ಹೋಗಲೇಬೇಕು. 2, 5, 5. ಒಟ್ಟು 12 ಅಂಕ ದಂಡ. ಜೀವನದಲ್ಲಿ ಅಷ್ಟು ಚೆನ್ನಾಗಿ ಬೈಕ್ ಓಡಿಸಿದ್ದೇ ಮೊದಲು, ಅದಕ್ಕೇ ಶಿಕ್ಷೆ. ತಾತ ಸರಿಯಾಗಿ 38ರ ಕಾರ್ಡಿಗೆ ಬಂದರಂತೆ, ದಂಡ ಸೊನ್ನೆ.

ಈಗ ಹೇಳಿ, ಇದನ್ನು ಸಿನಿಮಾದಲ್ಲಿ ತೋರಿಸೋದು ಹೇಗೆ? ಬ್ರೌನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. 1970ರಲ್ಲಿ ಸ್ಪೇನಿನ ಎಲ್ ಎಸ್ಕೋರಿಯಲ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಗೆ ಅವನ ಕ್ಯಾಮೆರಾ ಹೋಗಿತ್ತು. 1913ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಎಂಡ್ಯೂರೋಗಳ ತಾಯಿ ಅನ್ನಬಹುದಾದ ಸ್ಪರ್ಧೆ ಅದು. ಅಲ್ಲೂ ಗಡಿಯಾರವೇ ಯಜಮಾನ, ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡ್ಕೋಬೇಕು. ಮಾಲ್ಕಮ್ ಸ್ಮಿತ್ 1966ರಿಂದ 1976ರ ನಡುವೆ ಆ ಸ್ಪರ್ಧೆಯಲ್ಲಿ 8 ಚಿನ್ನದ ಪದಕ ಗಳಿಸಿದವನು. ಸಿನಿಮಾ ನಿಯಮಗಳನ್ನು ಹೇಳುತ್ತೆ, ನಿಜ. ಆದರೆ ಹೇಳುತ್ತೆ ಅಷ್ಟೆ. ತೋರಿಸೋದು ಕೆಸರು, ಗುಡ್ಡ, ಜಾರೋ ಚಕ್ರ, ಮತ್ತು ಮಾಲ್ಕಮ್‌ನ ನಗು. ಎಷ್ಟು ಓಡಿಸಬೇಕು, ಎಷ್ಟು ತಡೀಬೇಕು ಅಂತ ತಲೆಯೊಳಗೆ ಅವನು ಹಾಕ್ತಿದ್ದ ಲೆಕ್ಕ ಎಲ್ಲೂ ಕಾಣಲ್ಲ. ಹಾಗಾಗಿ ನೋಡಿದವನಿಗೆ ಉಳಿಯೋದು ಒಂದೇ ಪಾಠ: ಧೈರ್ಯ ಇದ್ದವನು ಗೆಲ್ತಾನೆ. ಆ ಪಾಠದ ಬೆಲೆ 12 ಅಂಕ ಅಂತ ನನಗೆ ಮೊದಲ ಚೆಕ್‌ಪಾಯಿಂಟಲ್ಲೇ ಗೊತ್ತಾಯ್ತು.

ಇವತ್ತಿನ ಹೆಲ್ಮೆಟ್ ಕ್ಯಾಮೆರಾ ವಿಡಿಯೋಗಳು ಇದನ್ನು ಸರಿಪಡಿಸಿದ್ವಾ? ಇಲ್ಲ. ಅಗಲದ ಲೆನ್ಸಿನಲ್ಲಿ ಗುಂಡಿಗಳೆಲ್ಲ ಸಪಾಟಾಗಿ ಕಾಣುತ್ತವೆ, ಅಲುಗಾಟವನ್ನು ಸಾಫ್ಟ್‌ವೇರ್ ಒರೆಸಿ ಹಾಕುತ್ತೆ. ಉಳಿಯೋದು ಮರಗಳ ಮಧ್ಯೆ ಜುಯ್ಯಂತ ಹೋಗೋ ಒಂದು ವಿಡಿಯೋ ಗೇಮ್. ಬ್ರೌನ್ ಕನಿಷ್ಠ ಮನುಷ್ಯರ ಮುಖ ತೋರಿಸಿದ್ದ. ಈ ವಿಡಿಯೋಗಳಲ್ಲಿ ಮುಖವೂ ಇಲ್ಲ.

ನನ್ನ ಎರಡನೇ ತಕರಾರು ಇದಕ್ಕಿಂತ ದೊಡ್ಡದು, ಹೇಳೋಕೆ ಸ್ವಲ್ಪ ಕಷ್ಟ.

30 ಮೈಲಿ ದಾಟಿದ ಮೇಲೆ ನಾನು ಪೂರ್ತಿ ಉಲ್ಟಾ ಸ್ಥಿತಿಯಲ್ಲಿದ್ದೆ. ಈಗ ಆರು ನಿಮಿಷ ತಡ. ಸುಸ್ತು, ಬಾಯಲ್ಲಿ ಮರಳು. ಒಂದು ತಿರುವಿನಲ್ಲಿ ಪೈನ್ ಮರಕ್ಕೆ ಒರಗಿ ಒಬ್ಬ ಹುಡುಗ ಕೂತಿದ್ದ. ಬೈಕ್ ಪಕ್ಕದ ಪೊದೆಯಲ್ಲಿ ಬಿದ್ದಿತ್ತು. ಇಂಥಾಗ ಒಂದು ಪದ್ಧತಿ ಇದೆ: ಹೋಗುವವನು ಹೆಬ್ಬೆರಳು ಎತ್ತಿ ಕೇಳಬೇಕು, ಬಿದ್ದವನು ಹೆಬ್ಬೆರಳು ಎತ್ತಿದರೆ ಸರಿಯಿದ್ದಾನೆ ಅಂತ. ನಾನು ಎತ್ತಿದೆ. ಅವನೂ ಎತ್ತಿದ. ನಾನು ಹೊರಟೆ.

ಪೆಟ್ರೋಲ್ ತುಂಬಿಸೋ ಜಾಗದಲ್ಲಿ ತಾತ ಕಾಣಲಿಲ್ಲ. ಬೆಳಿಗ್ಗೆಯಿಂದ ಒಂದೂ ಅಂಕ ಕಳಕೊಳ್ಳದವರು ಬಹಳ ತಡವಾಗಿ ಬಂದರು. ಗಾಡಿ ಕೆಟ್ಟಿತಾ ಅಂತ ಕೇಳಿದೆ. ಇಲ್ಲ, ಆ ಹುಡುಗನ ಮಣಿಕಟ್ಟು ಮುರಿದಿದೆ, ಅವನನ್ನು ದಾರಿಯಿಂದ ಆಚೆ ಕೂರಿಸಿ, ಮುಂದಿನ ರಸ್ತೆ ಕ್ರಾಸಿಂಗಲ್ಲಿ ಜನರಿಗೆ ಹೇಳಿ ಬಂದೆ ಅಂದರು. ನಾನು ತಡವರಿಸಿದೆ. "ಅವನು ಹೆಬ್ಬೆರಳು ತೋರಿಸಿದ್ನಲ್ಲ..."

ತಾತ ನೀರು ಕುಡೀತಾ ಕೇಳಿದರು: "ಯಾವ ಕೈಯದು?"

ಎಡಗೈಯದು. ಬಲಗೈ ತೊಡೆಯ ಮೇಲಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಹೋಗಿದ್ದೆ.

ಅವರು ಬೈಯ್ಯಲಿಲ್ಲ. "ಮೊದಲ ಸಲ ಅಲ್ವಾ, ಆಗುತ್ತೆ" ಅಂದು ಚಾರ್ಟ್ ಸುತ್ತಿಕೊಂಡು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಸಿನಿಮಾ ನೋಡುವಾಗ ಬೀಳುವವರನ್ನು ಮಾತ್ರ ಗಮನಿಸಿದೆ. ಬೇಕಾದಷ್ಟು ಜನ ಬೀಳ್ತಾರೆ. ಬ್ರೌನ್‌ನ ಹಿನ್ನೆಲೆ ದನಿ ಲವಲವಿಕೆಯದು, ತಮಾಷೆಯದು. ಬಿದ್ದವರ ಮೇಲೂ ಒಂದು ಜೋಕ್ ಹಾರಿಸಿ ಕ್ಯಾಮೆರಾ ಮುಂದಕ್ಕೆ ಹೋಗುತ್ತೆ. ಬಿದ್ದವನು ಎದ್ದು ಕೈ ಬೀಸಿದರೆ ಮುಗೀತು. ನಾನು ಕಾಡಿನಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ನನ್ನ ತಪ್ಪನ್ನು ಸಿನಿಮಾದ ತಲೆಗೆ ಕಟ್ಟೋದಿಲ್ಲ. ಆದರೆ ಯಾವ ಕಡೆ ಕಣ್ಣು ಹಾಯಿಸಬೇಕು ಅಂತ ಸಿನಿಮಾ ಅಭ್ಯಾಸ ಮಾಡಿಸುತ್ತೆ. ಇದು ಮುಂದೆ ಹೋಗುವವನ ಕಡೆಗೇ ನೋಡೋ ಅಭ್ಯಾಸ ಮಾಡಿಸಿದ ಸಿನಿಮಾ.

ಹಾಗಂತ ಅದರಲ್ಲಿ ಸೋಲೇ ಇಲ್ಲ ಅಂತಲ್ಲ. ನನ್ನ ಪ್ರಕಾರ ಸಿನಿಮಾದ ಅತ್ಯಂತ ಪ್ರಾಮಾಣಿಕ ಭಾಗ ಮರ್ಟ್ ಲಾವಿಲ್‌ನದು. 1969ರ ಚಾಂಪಿಯನ್, 1970ರಲ್ಲಿ ನಂಬರ್ 1 ಪಟ್ಟ ಉಳಿಸಿಕೊಳ್ಳೋಕೆ ಊರೂರು ಅಲೀತಾನೆ. ತಾನೇ ಮೆಕ್ಯಾನಿಕ್ಕು, ತಾನೇ ಡ್ರೈವರ್ರು. ಗಾಡಿ ಮತ್ತೆ ಮತ್ತೆ ಕೈಕೊಡುತ್ತೆ. ಕೊನೆಗೆ ಪಟ್ಟ ಜೀನ್ ರೊಮೆರೋ ಪಾಲಾಗುತ್ತೆ. ಮೆಕ್ವೀನ್‌ನ ಗ್ಲಾಮರ್‌ಗಾಗಿ ಸಿನಿಮಾಕ್ಕೆ ಬಂದವರೂ ಲಾವಿಲ್‌ನ ಸಪ್ಪೆ ಮುಖ ನೆನಪಿಟ್ಟುಕೊಂಡು ಹೋಗ್ತಾರೆ. ಬ್ರೌನ್ ಆ ಮುಖದ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಇದು ಬೇರೆಯೇ ದರ್ಜೆಯ ಸಿನಿಮಾ ಆಗ್ತಿತ್ತು. ನಿಲ್ಲಲಿಲ್ಲ. ಕಡಲ ತೀರ ಕಾಯ್ತಿತ್ತು.

ಇನ್ನು ಕಾಣದೇ ಇರುವವರ ಪಟ್ಟಿ. ಮೂವರು ನಾಯಕರೂ ಗಂಡಸರು. 1971ರ ಸಿನಿಮಾ ಬಿಡಿ ಅನ್ನಬಹುದು. ಆದರೆ ಅದಕ್ಕೂ 31 ವರ್ಷ ಮೊದಲೇ, 1940ರಲ್ಲಿ, ಮಿಷಿಗನ್ನಿನ ಜ್ಯಾಕ್ ಪೈನ್ ಎಂಡ್ಯೂರೋದಲ್ಲಿ ಡಾಟ್ ರಾಬಿನ್ಸನ್ ಎಂಬಾಕೆ ಸೈಡ್‌ಕಾರ್ ವಿಭಾಗ ಗೆದ್ದಿದ್ದಳು. ಅದೂ ಪೈನ್ ಮರಗಳ, ಮರಳಿನ ಕಾಡೇ. ಒಬ್ಬಳ ಗಾಡಿ ಸರಾಗ ಹೋಗದ ಕಡೆ ಪಕ್ಕದಲ್ಲೊಂದು ತೊಟ್ಟಿಲು ಕಟ್ಟಿಕೊಂಡು ಹೋಗೋದು ಅಂದರೆ ಏನು ಅಂತ ಆ ಮರಳಲ್ಲಿ ಬಿದ್ದವನಿಗೆ ಗೊತ್ತು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗ ಎಷ್ಟೋ ಜನಕ್ಕೆ ಅದೊಂದು ಆಶ್ಚರ್ಯದ ಸುದ್ದಿ. ಆಶ್ಚರ್ಯ ಯಾಕೆ ಅಂದರೆ, ಈ ಆಟದ ಕಥೆ ಹೇಳಿದವರು ಅಂಥವರನ್ನು ಚೌಕಟ್ಟಿನಿಂದ ಆಚೆ ಇಟ್ಟೇ ಹೇಳಿದ್ದರು.

ನೆಲವೂ ಸಿನಿಮಾದಲ್ಲಿ ಇಲ್ಲ. ಅಂದರೆ ಚಕ್ರದ ಕೆಳಗೆ ಇದೆ, ಚಕ್ರ ಹೋದ ಮೇಲೆ ಇಲ್ಲ. ನೂರಾರು ಬೈಕುಗಳು ಒಂದೇ ಸಾಲಲ್ಲಿ ಮರುಭೂಮಿಗೆ ನುಗ್ಗೋ ದೃಶ್ಯ ನೋಡೋಕೆ ಅದ್ಭುತ. ಸೋಮವಾರ ಬೆಳಿಗ್ಗೆ ಆ ಮರುಭೂಮಿ ಹೇಗಿತ್ತು ಅಂತ ಬ್ರೌನ್ ಕೇಳೋದಿಲ್ಲ. ಪೈನ್ ಬ್ಯಾರನ್ಸ್‌ನಲ್ಲಿ ಈ ಪ್ರಶ್ನೆ ಇವತ್ತಿಗೂ ಜೀವಂತ. ಅನುಮತಿ ಪಡೆದು ಗುರುತು ಹಾಕಿದ ದಾರಿಯಲ್ಲಿ ನಡೆಯೋ ರೇಸ್ ಬೇರೆ, ಕಂಡಲ್ಲಿ ನುಗ್ಗಿ ಮಳೆನೀರಿನ ಹೊಂಡ ಕಲಕೋ ಗಾಡಿಗಳು ಬೇರೆ. ಆ ಹೊಂಡಗಳಲ್ಲೇ ಕಪ್ಪೆಗಳು ಮೊಟ್ಟೆ ಇಡೋದು. ಆದರೆ ಮರಳಿಗೆ ಈ ವ್ಯತ್ಯಾಸ ಪೂರ್ತಿ ಗೊತ್ತಾಗಲ್ಲ. ನಮ್ಮ ರೇಸ್ ಮುಗಿದ ಸಂಜೆ ನಾನೇ ಹಿಂದಿರುಗಿ ನೋಡಿದೆ, ಬೆಳಿಗ್ಗೆ ಕಾಲುದಾರಿ ಆಗಿದ್ದದ್ದು ಉತ್ತ ಹೊಲದ ಹಾಗಿತ್ತು. ವಾರಾಂತ್ಯಕ್ಕೆ ಸಕಲೇಶಪುರದ ಶೋಲಾ ಗುಡ್ಡ ಹತ್ತಿಸಿ ರೀಲ್ ಮಾಡುವ ನಮ್ಮವರೂ ಒಂದು ಸಲ ಹಿಂದಿರುಗಿ ನೋಡಿದರೆ ಒಳ್ಳೆಯದು.

ಇಷ್ಟೆಲ್ಲ ಬೈದ ಮೇಲೂ ಹೇಳ್ತೀನಿ: 'ಆನ್ ಎನಿ ಸಂಡೇ' ನೋಡಿ. ಮಾಲ್ಕಮ್ ಸ್ಮಿತ್ ಬೈಕ್ ಮೇಲೆ ನಿಂತಿರೋ ರೀತಿಯೊಂದಕ್ಕೇ ನೋಡಬೇಕು. ಮೈಯೆಲ್ಲ ಸಡಿಲ, ಕಣ್ಣು ಮುಂದೆ. ಮರಳಲ್ಲಿ ಹೇಗೆ ನಿಲ್ಲಬೇಕು ಅಂತ ಆ ಮೈಯೇ ಹೇಳ್ತಿತ್ತು, ನಾಲ್ಕು ಸಲ ನೋಡಿದರೂ ನಾನು ಅವನ ನಗುವನ್ನೇ ನೋಡ್ತಿದ್ದೆ. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅನಿಸಿಕೊಂಡಾಗ ನಾವೆಲ್ಲ ಹಂಚಿಕೊಂಡದ್ದು ಮರಳ ದಿಬ್ಬ ಹಾರೋ ಫೋಟೋ. ಅವರು ಮಾಡಿದ ನಿಜವಾದ ಕೆಲಸ ಮಾತ್ರ 'ಮುಗಿಸಿದ' ಅನ್ನೋ ಪದದಲ್ಲಿದೆ. ಅದರ ಫೋಟೋ ತೆಗೆಯೋಕಾಗಲ್ಲ.

ಕೊನೆಯ ಕಡಲ ತೀರದ ದೃಶ್ಯದ ಬಗ್ಗೆ ಇನ್ನೊಂದೇ ಮಾತು. ಅಲ್ಲಿ ಗಡಿಯಾರ ಇಲ್ಲ, ನಂಬರ್ ಇಲ್ಲ, ಅದಕ್ಕೇ ಅಷ್ಟು ಆನಂದ ಅಂತ ಸಿನಿಮಾ ಹೇಳುತ್ತೆ. ಮೊದಲೆಲ್ಲ ನನಗೂ ಹಾಗೇ ಅನಿಸಿತ್ತು. ಈಗ ಹಾಗನಿಸಲ್ಲ. ನಾನು ಕಂಡ ಅತ್ಯಂತ ಆರಾಮದ ಸವಾರ ಹ್ಯಾಂಡಲ್ ಮೇಲೆ ಗಡಿಯಾರ ಕಟ್ಟಿಕೊಂಡಿದ್ದ ಒಬ್ಬ ತಾತ. ಅವರಿಗೆ ತಮ್ಮ ನಿಮಿಷ ಯಾವುದು ಅಂತ ಗೊತ್ತಿತ್ತು. ಅದನ್ನು ಯಾವಾಗ ಬಿಟ್ಟುಕೊಡಬೇಕು ಅಂತಲೂ ಗೊತ್ತಿತ್ತು.

ಸಂಜೆ ಪಾರ್ಕಿಂಗ್ ಜಾಗದಲ್ಲಿ ಫಲಿತಾಂಶದ ಹಾಳೆ ಅಂಟಿಸಿದ್ದರು. ನಾನು ನನ್ನ ವಿಭಾಗದಲ್ಲಿ ಕೆಳಗಿನಿಂದ ಮೂರನೆಯವನು. ಗೆದ್ದಿರಬೇಕಿದ್ದ ತಾತ ಅವರ ವಿಭಾಗದಲ್ಲಿ ಆರನೆಯವರು. ಗೆಳೆಯ ಬೈಕನ್ನು ಟ್ರೇಲರ್‌ಗೆ ಹಗ್ಗ ಬಿಗಿಯುತ್ತಾ, "ಮುಂದಿನ ಸಲ ಬರ್ತೀಯೇನೋ?" ಅಂದ.

ಬರ್ತೀನಿ ಅಂದೆ. ಮಾರನೇ ದಿನ ಒಂದು ಗಡಿಯಾರ ಆರ್ಡರ್ ಮಾಡಿದೆ.